ಮನೆಯೊಳಗೆ ಬೂಟು

ರಾಯಚೂರಿನ ಏಪ್ರಿಲ್ ಅಂದರೆ ಗೊತ್ತಲ್ಲ, ರಾತ್ರಿ ಎಂಟಕ್ಕೂ ಗೋಡೆ ಮುಟ್ಟಿದರೆ ಬಿಸಿ. ಅಂಥ ಹೊತ್ತಲ್ಲಿ ಅವ್ವನಿಗೆ ಮೊಬೈಲ್‌ನಲ್ಲಿ ಒಂದು ಹಳೇ ವಿಡಿಯೊ ತೋರಿಸಿದೆ. ಒಬ್ಬ ಮನುಷ್ಯ ಹಾಡುತ್ತಾ ಒಳಗೆ ಬಂದ, ಕೋಟು ತೂಗುಹಾಕಿದ, ಸ್ವೆಟರ್ ತೊಟ್ಟ.

"ಥಂಡಿ ಜ್ವರ ಏನೋ ಅವನಿಗೆ?" ಅಂದಳು ಅವ್ವ.

ಅವನು ಕೂತು ಬೂಟು ಬಿಚ್ಚಿದ. ಕ್ಯಾನ್ವಾಸ್ ಶೂ ಹಾಕಿಕೊಂಡ.

"ಬಿಚ್ಚಿದ್ದು ಸರಿ ಐತಿ. ಮತ್ತ್ಯಾಕ ಹಾಕ್ಕೊಂಡ? ಮನಿಯೊಳಗ!"

ಹೆಸರು ಫ್ರೆಡ್ ರೋಜರ್ಸ್. ಅಮೆರಿಕದ ಮಕ್ಕಳಿಗೆ 1968ರಿಂದ 2001ರವರೆಗೆ ಟಿವಿಯ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಪಕ್ಕದ ಮನೆಯವರಾಗಿದ್ದವರು. ಶೂ ಕಥೆ ಅದಕ್ಕೂ ಹಳೇದು. 1954ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಶುರುವಾದ ಇನ್ನೊಂದು ಕಾರ್ಯಕ್ರಮದಲ್ಲಿ ಅವರು ತೆರೆಮರೆಯಲ್ಲೇ ಇದ್ದರು. ಬೊಂಬೆ ಆಡಿಸಬೇಕು, ಓಡಿ ಹೋಗಿ ಆರ್ಗನ್ ನುಡಿಸಬೇಕು. ಎಲ್ಲಾ ಲೈವ್. ಬೂಟಿನ ಟಕಟಕ ಕೇಳಬಾರದು ಅಂತ ಮೆತ್ತನೆಯ ಶೂ ಹಾಕಿಕೊಂಡರು, ಅದೇ ರೂಢಿಯಾಯಿತು. ಸ್ವೆಟರ್ ಅವರ ತಾಯಿ ಹೆಣೆದದ್ದು. ಇದನ್ನು ಹೇಳಿದ ಮೇಲೆ ಅವ್ವ ಸ್ವೆಟರಿನ ತಂಟೆಗೆ ಹೋಗಲಿಲ್ಲ.

ಅವ್ವ ಮೊದಲ ಸಲ ಟಿವಿ ನೋಡಿದ್ದು ಹಳ್ಳಿ ಶಾಲೆಯಲ್ಲಿ. 1975ರ ಆಗಸ್ಟಿನಿಂದ ಒಂದು ವರ್ಷ ನಾಸಾದ ಉಪಗ್ರಹವೊಂದನ್ನು ಕಡ ತಂದು, ದೇಶದ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರಲ್ಲ, ರಾಯಚೂರು ಜಿಲ್ಲೆಯೂ ಅದರಲ್ಲಿತ್ತು. ಕೋಳಿಗೂಡಿಗೆ ಹಾಕುವಂಥ ಜಾಲರಿಯ, ಛತ್ರಿಯಂಥ ಹತ್ತಡಿ ಆಂಟೆನಾ, ಶಾಲೆಯಲ್ಲೊಂದು ಪೆಟ್ಟಿಗೆ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರಿಗೆ. "ಅವರು ನಮಗ ಕಾಣ್ತಾರ, ನಾವು ಅವರಿಗೆ ಕಾಣಲ್ಲೇನ್ರೀ ಸರ?" ಅಂತ ಕೇಳಿ ಅವ್ವ ತಲೆಗೆ ಮೊಟಕಿಸಿಕೊಂಡಿದ್ದಳಂತೆ. ವರ್ಷ ತುಂಬಿತು, ಉಪಗ್ರಹ ವಾಪಸ್ ಹೋಯಿತು.

ರೋಜರ್ಸ್ ಮಾತ್ರ ಮಕ್ಕಳು ತಮಗೆ ಕಾಣುತ್ತಾರೆ ಅನ್ನುವ ಹಾಗೇ ಇದ್ದರು. ಏನಾದರೂ ಕೇಳಿ, ಉತ್ತರಕ್ಕೆ ಅಂತ ಸುಮ್ನೆ ಕಾಯುತ್ತಾರೆ. ಈಗಿನ ಮಕ್ಕಳ ಚಾನೆಲ್‌ಗಳಲ್ಲಿ ಅಷ್ಟು ಹೊತ್ತಿಗೆ ಮೂರು ಬಣ್ಣದ ಬಸ್ಸು ಬಂದು ಹೋಗಿರುತ್ತವೆ. ಕಣ್ಣು ಕಾಣದ ಹುಡುಗಿಯೊಬ್ಬಳಿಗೆ ಇವರು ಕಾರ್ಯಕ್ರಮದಲ್ಲಿ ಸಾಕಿದ್ದ ಮೀನಿಗೆ ಕಾಳು ಹಾಕಿದರೋ ಇಲ್ಲವೋ ಅನ್ನೋ ಚಿಂತೆ. ಕಾಗದ ಬಂತು. ಆಮೇಲಿಂದ ಮೀನಿಗೆ ಹಾಕುವಾಗ ಬಾಯಿಬಿಟ್ಟು ಹೇಳತೊಡಗಿದರು. ಅವ್ವ ಇದನ್ನು ಎರಡು ಸಲ ಹೇಳಿಸಿದಳು.

ಕೊನೆಗೆ 1969ರ ಒಂದು ತುಣುಕು ಹಾಕಿದೆ. ಸೆಖೆಯ ದಿನ. ರೋಜರ್ಸ್ ಪುಟ್ಟ ಪ್ಲಾಸ್ಟಿಕ್ ತೊಟ್ಟಿಯ ನೀರಲ್ಲಿ ಕಾಲಿಟ್ಟು ಕೂತಿದ್ದಾರೆ. ಪೊಲೀಸ್ ಪಾತ್ರದ ಫ್ರಾಂಸ್ವಾ ಕ್ಲೆಮನ್ಸ್ ಬರುತ್ತಾರೆ, ಕರಿಯ ಗಾಯಕ. ಕರಿಯರು ಈಜುಕೊಳಕ್ಕಿಳಿದರೆ ಬಿಳಿಯರು ಜಗಳ ತೆಗೆಯುತ್ತಿದ್ದ ಕಾಲ. ಬನ್ನಿ, ಕಾಲು ತಣ್ಣಗೆ ಮಾಡಿಕೊಳ್ಳಿ ಅಂತಾರೆ ರೋಜರ್ಸ್. ಒಂದೇ ನೀರಲ್ಲಿ ನಾಲ್ಕು ಕಾಲು. ಒರೆಸಿಕೊಳ್ಳಲು ಟವೆಲ್ಲೂ ಒಂದೇ. ಭಾಷಣ ಇಲ್ಲ.

ವಿಡಿಯೊ ಮುಗಿಯುವ ಮೊದಲೇ ಅವ್ವ ಎದ್ದು ಹೋದಳು. ಬಟ್ಟೆ ನೆನೆಸುವ ಟಬ್ಬಿಗೆ ಎರಡು ಕೊಡ ನೀರು ಸುರಿದು, ಕಟ್ಟೆ ಮೇಲೆ ಕೂತು ಕಾಲು ಇಳಿಬಿಟ್ಟಳು. ನಾನೂ ಪ್ಯಾಂಟ್ ಮಡಚಿ ಪಕ್ಕದಲ್ಲಿ ಕೂತೆ.

"ಮೊದಲು ಕಾಲು ತೊಳ್ಕೊಂಡು ಬಾ," ಅಂದಳು.