ಹಾಯಿದೋಣಿ ವಿಶ್ವ ಚಾಂಪಿಯನ್‌ಶಿಪ್: ‘ಗೆಲುವು ಖಚಿತ’ ಎಂಬ ಸಂದೇಶದ ಕುರಿತು ಸ್ಪಷ್ಟನೆ

ಐಎಲ್‌ಸಿಎ 7 (ಒಬ್ಬರೇ ನಡೆಸುವ ಪುಟ್ಟ ದೋಣಿ) ದರ್ಜೆಯ ಹಾಯಿದೋಣಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹಿಂದೆ ಗೆದ್ದವರೇ ಮತ್ತೆ ಗೆಲ್ಲುವುದು ಖಚಿತವೆಂದೂ, ಹೆಚ್ಚು ಅಂಕ ಕೂಡಿಸಿದವರೇ ಮುಂದಿರುತ್ತಾರೆಂದೂ ಹೇಳುವ ಸಂದೇಶವೊಂದು ಮಂಜೇಶ್ವರ, ಕುಂಬಳೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡನೆಯ ಮಾತು ಪೂರ್ತಿ ತಪ್ಪು; ಮೊದಲನೆಯದು ಬರೀ ಊಹೆ.

ಹಲವು ಓಟಗಳಿರುವ ಈ ಸ್ಪರ್ಧೆಯಲ್ಲಿ ಪ್ರತಿ ಓಟದ ಮೊದಲ ಸ್ಥಾನಕ್ಕೆ 1, ಎರಡನೆಯದಕ್ಕೆ 2, ಇಪ್ಪತ್ತನೆಯದಕ್ಕೆ 20 ಎಂಬಂತೆ ಅಂಕ ಬೀಳುತ್ತದೆ ಮತ್ತು ಕೊನೆಯಲ್ಲಿ ಯಾರ ಮೊತ್ತ ಕಡಿಮೆಯೋ ಅವರೇ ವಿಜೇತರು. ಸಂಕೇತಕ್ಕೆ ಮೊದಲೇ ಆರಂಭದ ಗೆರೆ ದಾಟಿ, ಹಿಂದಿರುಗದೆ ಸಾಗಿದವರಿಗೆ ಕೊನೆಯ ಸ್ಥಾನದವರಿಗಿಂತಲೂ ಹೆಚ್ಚು ಅಂಕ. ಆದ್ದರಿಂದ ಒಂದು ದಿನ ಮಿಂಚಿ ಮರುದಿನ ಮೂವತ್ತರಾಚೆ ಬೀಳುವವರಿಗಿಂತ, ನಿತ್ಯ ಐದಾರನೆಯವರಾಗಿ ಬರುವವರನ್ನೇ ನೆಚ್ಚುವುದು ಜಾಣತನ.

2023 ಮತ್ತು 2024ರಲ್ಲಿ ವಿಶ್ವ ಚಾಂಪಿಯನ್ ಆದ, ಟೋಕಿಯೊ ಹಾಗೂ ಪ್ಯಾರಿಸ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಆಸ್ಟ್ರೇಲಿಯದ ಮ್ಯಾಟ್ ವರ್ನ್ ಅವರನ್ನು ನೆಚ್ಚಿನವರೆನ್ನುವುದು ನ್ಯಾಯವೇ. ಆದರೆ ಅದೇ ದೇಶದ ಟಾಮ್ ಸ್ಲಿಂಗ್ಸ್‌ಬಿ 2007, 2008ರ ವಿಶ್ವ ಪ್ರಶಸ್ತಿಗಳನ್ನು ಗೆದ್ದೂ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 22ನೆಯವರಾದರು. ಎಲ್ಲರ ದೋಣಿಯೂ ಒಂದೇ ಮಾದರಿಯದಾದ್ದರಿಂದ ಗಾಳಿಯ ಓದು, ಜೋರು ಗಾಳಿಯಲ್ಲಿ ದೋಣಿಯನ್ನು ನೇರ ಹಿಡಿಯಬಲ್ಲ ಮೈಭಾರ ಇವೇ ನಿರ್ಣಾಯಕ. ಬೆಳಗ್ಗೆ ನೆಲದಿಂದ, ಮಧ್ಯಾಹ್ನ ಕಡಲಿಂದ ಬೀಸುವ ಗಾಳಿಯನ್ನು ಬಲ್ಲ ನಮ್ಮ ಮೀನುಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಭಾರತದ ಹಾಯಿದೋಣಿ ಸ್ಪರ್ಧಿ ವಿಷ್ಣು ಸರವಣನ್ ಅವರ 2023ರ ಕಂಚನ್ನೂ ಅದೇ ಸಂದೇಶವು ವಿಶ್ವ ಪದಕವೆಂದಿದೆ. ಅದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನದು. 2024ರ ಅಡಿಲೇಡ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರು 26ನೆಯವರಾಗಿ ಪ್ಯಾರಿಸ್‌ಗೆ ಅರ್ಹತೆ ಪಡೆದರು.