ಸ್ಪಷ್ಟನೆ: ಹಳೇ ಮಾರುತಿ 800 ನಡುಗಿದರೆ ಎಂಜಿನ್ ಬಿಚ್ಚಲೇಬೇಕಾ?

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಹಳೇ ಮಾರುತಿ 800 ನಿಂತಲ್ಲೇ ನಡುಗಿದರೆ ರಿಂಗ್ ಹೋಗಿದೆ, ಬೋರ್ ಮಾಡಿಸಿ.' ಅಂದರೆ, ಪಿಸ್ಟನ್ ಸುತ್ತಲಿನ ಉಂಗುರ ಸವೆದಿದೆ, ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸಿ ಅಂತ. ಇದು ತಪ್ಪು. ಇದನ್ನು ನಂಬಿದರೆ ಸುಮ್ನೆ ಸಾವಿರಾರು ರೂಪಾಯಿ ಹೋಗುತ್ತದೆ.

ಈ ಕಾರಿನದು 796 ಸಿಸಿ, ಮೂರೇ ಸಿಲಿಂಡರ್. ಒಂದು ಕೈಕೊಟ್ಟರೆ ಇಡೀ ಗಾಡಿ ಅದುರುತ್ತದೆ. ಹಾಗಾಗಿ ಯಾವ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುತ್ತಿಲ್ಲ ಅಂತ ಮೊದಲು ಹುಡುಕಿ. ಕಾರ್ಬ್ಯುರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ) ಇರುವ ಗಾಡಿಯಲ್ಲಿ, ಎಂಜಿನ್ ಬಂದ್ ಇದ್ದಾಗ ಒಂದು ಸ್ಪಾರ್ಕ್ ಪ್ಲಗ್ ವೈರ್ ತೆಗೆದು, ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸ್ಟಾರ್ಟ್ ಮಾಡಿ. ಎಂಜಿನ್ ಓಡುವಾಗ ವೈರ್ ಮುಟ್ಟಬೇಡಿ, ಜೋರಾಗಿ ಶಾಕ್ ಹೊಡೆಯುತ್ತದೆ. ಹೀಗೇ ಒಂದೊಂದಾಗಿ ಮೂರೂ ವೈರ್ ನೋಡಿ. ಯಾವ ವೈರ್ ತೆಗೆದಾಗ ನಡುಕ ಹೆಚ್ಚಾಗುವುದಿಲ್ಲವೋ, ಆ ಸಿಲಿಂಡರೇ ಸತ್ತಿದೆ. ಅದರ ಪ್ಲಗ್ಗನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ತೊಂದರೆಯೂ ಜೊತೆಗೇ ಹೋಯಿತಾ? ಹೊಸ ಪ್ಲಗ್ ಹಾಕಿದರೆ ಮುಗಿಯಿತು.

ಮಳೆಗಾಲದಲ್ಲಿ, ಅದರಲ್ಲೂ ಧಾರವಾಡದ ಕಡೆ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಒಳಗಿನ ತೇವವನ್ನೂ ನೋಡಿ. ಮೂರೂ ಸಿಲಿಂಡರ್ ಒಂದೇ ಥರ ಇದ್ದರೆ, ಒಡೆದ ವ್ಯಾಕ್ಯೂಮ್ ಪೈಪ್ ಅಥವಾ ಕಾರ್ಬ್ಯುರೇಟರ್ ಕೊಳೆ ಇರಬಹುದು.

ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿಸಿ. ಕಡಿಮೆ ಬಂದ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರ್ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು, ಅದಕ್ಕೆ ಬೋರ್ ಮಾಡಿಸಬೇಕಿಲ್ಲ.