ಊರಿನ ಪಾಠಕ್ಕೆ ನಗೆಪದ್ಯ ಬೇಕೇ?

ಪರ: ಬೊಮ್ಮನಹಳ್ಳಿಯಿಂದಲೇ ಶುರು ಮಾಡೋಣ

ಪರಿಸರ ಅಧ್ಯಯನದಲ್ಲಿ ಊರಿನ ಪಾಠ ಬಂತು ಅಂದರೆ ಮಕ್ಕಳಿಗೆ ಆಕಳಿಕೆ ಬಂತು ಅಂತಲೇ ಲೆಕ್ಕ. ರೈತ ಬೆಳೆ ಬೆಳೆಯುತ್ತಾನೆ. ಅಂಚೆಯಣ್ಣ ಕಾಗದ ತರುತ್ತಾನೆ. ಟೈಲರ್ ಬಟ್ಟೆ ಹೊಲಿಯುತ್ತಾನೆ. ಇದೆಲ್ಲ ಅವರಿಗೆ ಗೊತ್ತಿಲ್ಲವೇ? ಹಬ್ಬದ ಹಿಂದಿನ ರಾತ್ರಿಯವರೆಗೂ ಟೈಲರ್ ‘ನಾಳೆ ಬಾ’ ಅನ್ನುತ್ತಾನೆ, ಅದೂ ಗೊತ್ತು. ಪಾಠದಲ್ಲಿ ಬರಬೇಕಾದದ್ದು ಈ ‘ನಾಳೆ ಬಾ’. ಯಾರು ಯಾರನ್ನು ನಂಬಿಕೊಂಡಿದ್ದಾರೆ, ಯಾರು ಯಾರಿಗೆ ಬಾಕಿ, ಯಾರ ಮೇಲೆ ಯಾರಿಗೆ ಸಿಟ್ಟು. ಊರು ಅಂದರೆ ಇದೇ ಅಲ್ವಾ?

ನಗೆಪದ್ಯಕ್ಕೆ ಇದನ್ನು ಹೇಳುವುದು ಸಲೀಸು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಪದ್ಯವನ್ನೇ ತೆಗೆದುಕೊಳ್ಳಿ. ಊರ ತುಂಬ ಇಲಿ ಕಾಟ. ಆ ಇಲಿಗಳ ಚೇಷ್ಟೆಗೆ ನಗದ ಮಗುವನ್ನು ನಾನು ನೋಡಿಲ್ಲ. ಜನ ಗೌಡನಿಗೆ ಮೊರೆಯಿಡುತ್ತಾರೆ. ಜೋಗಿ ಬರುತ್ತಾನೆ, ಇಷ್ಟು ಹಣಕ್ಕೆ ಅಂತ ಮಾತಾಗುತ್ತದೆ. ಇಲಿ ಹೋದ ಮೇಲೆ ಗೌಡ ಮಾತಿನಂತೆ ಹಣ ಕೊಡದೆ ಕೈ ಎತ್ತುತ್ತಾನೆ. ಜೋಗಿ ಮತ್ತೆ ಕಿಂದರಿ ಬಾರಿಸಿ ಊರಿನ ಮಕ್ಕಳನ್ನು ಹಿಂದೆ ಕರೆದುಕೊಂಡು ಹೊರಟೇಬಿಡುತ್ತಾನೆ. ಇಷ್ಟು ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿ: ತಪ್ಪು ಮಾಡಿದ್ದು ಯಾರು, ಕಳೆದುಕೊಂಡದ್ದು ಯಾರು? ಮುಖಂಡ ಮಾತು ತಪ್ಪಿದರೆ ಅದರ ದಂಡ ಊರಿಗೆಲ್ಲ ಬೀಳುತ್ತದೆ ಅನ್ನುವುದನ್ನು ಮೂರನೇ ತರಗತಿಗೆ ಬೇರೆ ಹೇಗೆ ಹೇಳುತ್ತೀರಿ? ಅಲ್ಲಿಂದ ಈಗಿನ ಕಾಲಕ್ಕೆ ಬನ್ನಿ. ನಮ್ಮ ಊರಲ್ಲಿ ಇಲಿ ಕಾಟ ಆದರೆ ಯಾರ ಹತ್ತಿರ ಹೋಗಬೇಕು? ‘ಬೋನು ತರಬೇಕು’ ಅಂತ ಒಬ್ಬ, ‘ಪಂಚಾಯ್ತಿಗೆ’ ಅಂತ ಇನ್ನೊಬ್ಬ. ಪಂಚಾಯ್ತಿ ಅಂತ ಬಾಯಿಗೆ ಬಂದರೆ ಮಕ್ಕಳ ಗ್ರಾಮಸಭೆಗೆ ದಾರಿ ಆಯಿತು.

ಇದು ಮೂಲದಲ್ಲಿ ಜರ್ಮನಿಯ ಹ್ಯಾಮಲಿನ್ ಊರಿನ ಕಥೆ. ಅದನ್ನು ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಇಂಗ್ಲಿಷ್ ಪದ್ಯವಾಗಿ ಪ್ರಕಟಿಸಿದ. ಕುವೆಂಪು ತುಂಗೆಯ ದಡಕ್ಕೆ ತಂದರು. ಅವರು ತಂದ ಮೇಲೆ ಮೇಷ್ಟ್ರು ತಮ್ಮ ಊರಿನ ಕೆರೆ ದಡಕ್ಕೆ ತರಲಿಕ್ಕೆ ಏನು ಅಡ್ಡಿ?

ಹಾಡುವುದಷ್ಟೇ ಅಲ್ಲ, ಕಟ್ಟಿಸಲೂಬೇಕು. ರೊಟ್ಟಿ ಅಂಗಡಿ ಕಿಟ್ಟಪ್ಪನ ಪದ್ಯ ಮಕ್ಕಳಿಗೆ ಬಾಯಿಪಾಠ. ಅದೇ ಧಾಟಿಯಲ್ಲಿ ನಿಮ್ಮ ಬೀದಿಯವರ ಮೇಲೆ ಕಟ್ಟಿ ಅಂದೆ. ಬಂದದ್ದು ಇದು:

ಪಂಕ್ಚರ್ ಅಂಗಡಿ ಪಾಷಣ್ಣ
ಸೈಕಲ್ ಟ್ಯೂಬು ನೋಡಣ್ಣ
ಟುಸ್ಸಂದಿದ್ದು ನಾನಲ್ಲಣ್ಣ
ಹಿಂದಿನ ಚಕ್ರಾನ ಕೇಳಣ್ಣ!

ನಗು ಹತೋಟಿಗೆ ಬರಲು ಹೊತ್ತು ಹಿಡಿಯಿತು. ಆಮೇಲೆ ಕೇಳಿದೆ, ಈ ಅಂಗಡಿ ಬಾಗಿಲು ಹಾಕಿದರೆ ಏನಾಗುತ್ತೆ? ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. ‘ಡೇರಿಗೆ ಹಾಲು ಹೋಗಲ್ಲ ಮಿಸ್. ನಮ್ಮಪ್ಪ ಕ್ಯಾನ್ ಕಟ್ಕೊಂಡು ಸೈಕಲ್ಲಲ್ಲೇ ಹೋಗೋದು.’ ಪಂಕ್ಚರ್ ಅಂಗಡಿಗೂ ಡೇರಿಗೂ ಇರುವ ಈ ನಂಟು ಪುಸ್ತಕದಲ್ಲಿ ಇರಲಿಲ್ಲ.

ವಿರೋಧ: ಪಾಷಣ್ಣನೇ ಯಾಕೆ ಬಂದ?

ಹುಡುಗಿಯ ಉತ್ತರ ಚೆನ್ನಾಗಿದೆ. ಆದರೆ ಅದನ್ನು ತಂದದ್ದು ಪ್ರಶ್ನೆ, ಪದ್ಯ ಅಲ್ಲ. ಪದ್ಯ ತಂದದ್ದು ಪಾಷಣ್ಣನನ್ನು. ಪಂಕ್ಚರ್ ಅಂಗಡಿ ಅಂದ ಕೂಡಲೇ ಆ ಹೆಸರೇ ಯಾಕೆ ಬಂತು? ಪ್ರಾಸಕ್ಕೆ ಅಂತೀರಿ. ಪುಟ್ಟಣ್ಣ ಅಂದಿದ್ದರೂ ಪ್ರಾಸ ಕೂಡುತ್ತಿತ್ತು. ಪಂಕ್ಚರ್ ಅನ್ನುವುದನ್ನೇ ಒಂದು ಸಮುದಾಯದ ಮೇಲೆ ಬೈಗುಳವಾಗಿ ಎಸೆಯುವ ಕಾಲ ಇದು. ಮಕ್ಕಳಿಗೆ ಕೆಟ್ಟ ಮನಸ್ಸಿಲ್ಲ ನಿಜ. ಬೀದಿಯಲ್ಲಿ ಕಿವಿಗೆ ಬಿದ್ದದ್ದೇ ಅವರ ಬಾಯಿಗೆ ಬರುತ್ತದೆ, ಪ್ರಾಸ ಅದಕ್ಕೊಂದು ನೆಪ. ಆ ತರಗತಿಯಲ್ಲಿ ಪಂಕ್ಚರ್ ಅಂಗಡಿಯವರ ಮಗ ಇದ್ದನೇ? ಇದ್ದರೆ ಅವನೂ ನಕ್ಕಿರುತ್ತಾನೆ. ನಗದೆ ಇರಲು ಆಗುತ್ತಾ? ಶಾಲೆ ಬಿಡುವ ಹೊತ್ತಿಗೆ ಅವನ ಹೆಸರು ‘ಟುಸ್’. ಇಂಥ ಅಡ್ಡಹೆಸರು ಹೈಸ್ಕೂಲಿನವರೆಗೂ ಬೆನ್ನು ಬಿಡುವುದಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕು ಇದೆ. ಕುಂಬಾರ, ಅಗಸ, ಅಕ್ಕಸಾಲಿ, ಹಜಾಮ ಇವು ಕಸುಬಿನ ಹೆಸರೂ ಹೌದು, ಜಾತಿಯ ಹೆಸರೂ ಹೌದು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಅನ್ನುವ ಗಾದೆ ಅಜ್ಜಿಯ ಬಾಯಲ್ಲಿ ಬಂದರೆ ಒಂದು, ಮೇಷ್ಟ್ರ ಒಪ್ಪಿಗೆಯಿಂದ ಬಂದರೆ ಇನ್ನೊಂದು. ‘ತಮಾಷೆಗೆ ಅಂದಿದ್ದು’ ಅಂದುಬಿಟ್ಟರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಗದ್ಯ ಪಾಠ ಸಪ್ಪೆ ಇರಬಹುದು. ಸಪ್ಪೆ ಪಾಠ ಯಾರನ್ನೂ ಅಳಿಸುವುದಿಲ್ಲವಲ್ಲ.

ಕಿಂದರಿಜೋಗಿಯಲ್ಲಿ ತಪ್ಪು ಗೌಡನದು, ಒಪ್ಪಿದೆ. ಆದರೆ ಏಳೆಂಟು ವರ್ಷದ ಮಗುವಿನ ತಲೆಯಲ್ಲಿ ಉಳಿಯುವುದು ಲೆಕ್ಕ ತಪ್ಪಿಸಿದ ಗೌಡ ಅಲ್ಲ, ಊರೂರು ಅಲೆಯುತ್ತಾ ಬಂದು ಮಕ್ಕಳನ್ನು ಕರೆದೊಯ್ದ ಜೋಗಿ. ‘ಊಟ ಮಾಡದಿದ್ದರೆ ಜೋಗಿಗೆ ಹಿಡಿದುಕೊಡ್ತೀನಿ’ ಅಂತ ಮನೆಯಲ್ಲೂ ಹೆದರಿಸಿರುತ್ತಾರೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೊರಗಿನಿಂದ ಬಂದವರನ್ನು ಜನ ಸೇರಿ ಹೊಡೆದು ಕೊಂದರು. ಇದಕ್ಕೆ ಪದ್ಯ ಕಾರಣ ಅಂತ ಹೇಳುವಷ್ಟು ದಡ್ಡತನ ನನಗಿಲ್ಲ. ಊರು ಅಂದರೆ ಒಳಗಿನವರು, ಹೊರಗಿನವನು ಅಪಾಯ ಅನ್ನುವ ಪಾಠ ಆ ಪದ್ಯದಿಂದಲೂ ಸುಲಭವಾಗಿ ಹೊರಡುತ್ತದೆ ಅಂತ ಹೇಳುತ್ತಿದ್ದೇನೆ ಅಷ್ಟೆ. ಕೊನೆಗೆ ಹಿಂದೆ ಉಳಿಯುವವನು ಕುಂಟ ಹುಡುಗ. ತರಗತಿಯಲ್ಲಿ ಕಾಲು ಸರಿಯಿಲ್ಲದ ಮಗು ಇದ್ದರೆ ಆ ಸಾಲು ಬಂದಾಗ ಎಲ್ಲರ ಕಣ್ಣು ಎಲ್ಲಿಗೆ ಹೋಗುತ್ತದೆ?

ಒಳ್ಳೆಯ ಮೇಷ್ಟ್ರು ಇದನ್ನೆಲ್ಲ ಮಾತಾಡಿ ತಿದ್ದುತ್ತಾರೆ ಅನ್ನಬಹುದು. ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಗೆ ಹೋಗಿ ನೋಡಿ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ, ಒಂದೊಂದು ಗುಂಪಿಗೆ (ಅಲ್ಲಿ ಅದಕ್ಕೆ ತಟ್ಟೆ ಅಂತಾರೆ) ಒಂದೊಂದು ಕಲಿಕೆ ಕಾರ್ಡು, ಜೊತೆಗೆ ಬಿಸಿಯೂಟದ ಲೆಕ್ಕ. ಅಲ್ಲಿ ಹಾಡು ಅಭಿನಯದ ಜೊತೆ ಮುಗಿಯುತ್ತದೆ. ಚರ್ಚೆಗೆ ಪುರುಸೊತ್ತು ಎಲ್ಲಿ?

ಇಲಿ, ನಾಯಿಮರಿ, ತುತ್ತೂರಿಯ ಮೇಲೆ ಎಷ್ಟು ಬೇಕಾದರೂ ನಗಲಿ. ಊರಿನ ಜನರ ಪಾಠಕ್ಕೆ ಮೊದಲು ಮಕ್ಕಳನ್ನು ಆ ಅಂಗಡಿಗೇ ಕರೆದುಕೊಂಡು ಹೋಗಿ. ತೇಪೆ ಹಾಕುವ ಮುಂಚೆ ಟ್ಯೂಬನ್ನು ಯಾಕೆ ಉಜ್ಜುತ್ತಾರೆ, ನೀರಲ್ಲಿ ಯಾಕೆ ಮುಳುಗಿಸುತ್ತಾರೆ ಅಂತ ಅಂಗಡಿಯವರೇ ಹೇಳಲಿ. ಆಮೇಲೂ ಪದ್ಯ ಕಟ್ಟಿಸಲೇಬೇಕು ಅನ್ನಿಸಿದರೆ ಮೊದಲನೆಯದು ಮೇಷ್ಟ್ರ ಮೇಲೆ ಇರಲಿ, ಎರಡನೆಯದು ಹೆಡ್‌ಮಾಸ್ಟರ ಮೇಲೆ. ಅವೆರಡನ್ನೂ ವಾರ್ಷಿಕೋತ್ಸವದಲ್ಲಿ ಹಾಡಿಸಲು ಶಾಲೆ ಒಪ್ಪುತ್ತದೆಯೇ, ಕೇಳಿ ನೋಡಿ.